ದುರುಗಮ್ಮನ ಗಾಯ ಕಂಡ ಕಣ್ಣು

ನಾನು ಒಂದು ಸೂಕ್ಷ್ಮದರ್ಶಕ. ಹುಟ್ಟಿದ್ದು ದೂರದ ಅಂಬಾಲದ ಒಂದು ಕಾರ್ಖಾನೆಯಲ್ಲಿ. ಮೊದಲು ಕಾಲೇಜೊಂದರಲ್ಲಿ ಹತ್ತು ವರ್ಷ ಈರುಳ್ಳಿ ಸಿಪ್ಪೆ ತೋರಿಸಿದೆ. ಆಮೇಲೆ ಮಂಡಕ್ಕಿ ಭಟ್ಟಿಗಳ ಊರೊಂದರ ಸರ್ಕಾರಿ ಆಸ್ಪತ್ರೆಗೆ ಬಂದೆ. ಅಲ್ಲಿ ನನ್ನ ಕೆಳಗೆ ಬಂದದ್ದು ಬಡವರ ಕಫ, ಬಡವರ ರಕ್ತ. ದುಡ್ಡಿದ್ದವರಿಗೆ ಬೇರೆ ಕಡೆ ಬೇರೆ ಕಣ್ಣುಗಳಿದ್ದವು.

ನನ್ನ ಒಡತಿ ಮುಬೀನಾ, ಲ್ಯಾಬಿನ ಟೆಕ್ನೀಷಿಯನ್. ಭಟ್ಟಿ ಕೂಲಿಯ ದುರುಗಮ್ಮನ ಸಂಗತಿ ನನಗೆ ಗೊತ್ತಾದದ್ದು ಮುಬೀನಾಳ ಬಾಯಿಂದಲೇ. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವಾಗ ಕಾದ ಮರಳು ಮಗುಚಿ, ದುರುಗಮ್ಮನ ಎಡಗೈ ಮೊಣಕೈವರೆಗೆ ಬೆಂದಿತ್ತು. ತಂಪಾಗಲಿ ಎಂದು ಜೊತೆಯವರು ಭತ್ತ ನೆನೆಸಿದ ಹಸಿ ಗೋಣಿಚೀಲವನ್ನೇ ಕೈಗೆ ಸುತ್ತಿ ಎರಡು ದಿನ ಬಿಚ್ಚಿರಲಿಲ್ಲ. ಚೀಲದ ಬೂಷ್ಟು ಬೆಂದ ಮಾಂಸಕ್ಕೆ ಇಳಿಯಿತು. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ. ಬೂಷ್ಟಿಗೆ ಅದು ಹಬ್ಬದೂಟ.

ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಗಾಯ ಒರೆಸಿದ ಹತ್ತಿಕಡ್ಡಿ ಲ್ಯಾಬಿಗೆ ಬಂತು. ಅಲ್ಲೊಂದು ಇಲ್ಲೊಂದು ಬೂಷ್ಟಿನ ಎಳೆ ಕಂಡೆ. ಇಂಥದ್ದಕ್ಕೆ ಲ್ಯಾಬಿನಲ್ಲೊಂದು ಪದ್ಧತಿ ಇತ್ತು: "ಗಾಳಿಯಿಂದ ಬಿದ್ದ ಬೂಷ್ಟು" ಎಂದು ಬರೆದು ಕೈತೊಳೆದುಕೊಳ್ಳುವುದು. ಮುಬೀನಾ ಕೂಡ ಹಾಗೇ ಬರೆದಳು.

ಮೂರು ದಿನಕ್ಕೆ ಗಾಯದ ಕಪ್ಪು ಮೊಣಕೈ ದಾಟಿತು, ಜ್ವರ ಏರಿತು. ಸಕ್ಕರೆ ಪರೀಕ್ಷೆಗೆ ರಕ್ತ ತೆಗೆಯಲು ವಾರ್ಡಿಗೆ ಹೋದ ಮುಬೀನಾ ಕೈ ನೋಡಿ ಓಡಿಬಂದಳು. ಸರ್ಜನ್ ಪ್ರಭುಸ್ವಾಮಿಯವರನ್ನು ಲ್ಯಾಬಿನ ಬಾಗಿಲಲ್ಲೇ ತಡೆದಳು.

"ಸರ್, ಕಡ್ಡೀಲಿ ಒರೆಸಿದ್ದು ಸಾಲಲ್ರಿ. ಅಂಚಿನ ಮಾಂಸ ಒಂಚೂರು ಕೊಯ್ದು ಕೊಡ್ರಿ."

"ಸುಟ್ಟ ಗಾಯ ಕರ್ರಗಾಗ್ದೆ ಬೆಳ್ಳಗಾಗುತ್ತೇನಮ್ಮಾ? ಗಾಳಿ ಬೂಷ್ಟು ಅಂತ ನೀನೇ ಬರ್ದಿದೀಯಲ್ಲ."

"ಅದು ನನ್ ತಪ್ಪು. ಈಗ ನೀವೂ ಮಾಡಬ್ಯಾಡ್ರಿ."

"ನಂಗೇ ಪಾಠ ಹೇಳ್ತೀಯಾ?"

"ಇವತ್ತು ಹೇಳ್ತೀನ್ರಿ. ಆಯಮ್ಮ ಸಾಯ್ತಾಳೆ ಸರ್. ಮಾಂಸ ಕೊಡೋವರೆಗೂ ಬಾಗ್ಲು ಬಿಡಲ್ಲ."

ಚೂರು ಬಂತು. ಮಾಂಸ ತಿಳಿಯಾಗಿ ಎಳೆ ಎದ್ದು ಕಾಣಲೆಂದು ಮುಬೀನಾ ಅದಕ್ಕೊಂದು ಹನಿ ಕ್ಷಾರ ಹಾಕಿ ನನ್ನ ಕೆಳಗಿಟ್ಟಳು. ರಿಬ್ಬನ್ನಿನಂಥ ಅಗಲ ಎಳೆಗಳು ಮಾಂಸದ ತುಂಬ ಹೆಣೆದುಕೊಂಡಿದ್ದವು. ಗಾಳಿಯಿಂದ ಬಿದ್ದದ್ದು ಮೇಲಿರುತ್ತದೆ, ಇದು ಒಳಗಿತ್ತು. ಸರ್ಜನ್ ಬಗ್ಗಿ ನೋಡಿದರು. ಎಷ್ಟೇ ದೊಡ್ಡವರಾಗಲಿ, ನನ್ನೆದುರು ತಲೆ ಬಗ್ಗಿಸದೆ ಏನೂ ಕಾಣುವುದಿಲ್ಲ.

"ಥಿಯೇಟರ್ ರೆಡಿ ಮಾಡಿ," ಎಂದರು ಸಣ್ಣ ದನಿಯಲ್ಲಿ.

ಬೂಷ್ಟು ಕೊಲ್ಲುವ ಇಂಜೆಕ್ಷನ್ ಸ್ಟಾಕಿಲ್ಲ ಎಂದರು ಸ್ಟೋರಿನವರು. ಭಟ್ಟಿಯ ಹೆಂಗಸರು ಅಲ್ಲೇ ಬಾಗಿಲಿಗಡ್ಡ ಧರಣಿ ಕೂತರು. ಸಂಜೆಯೊಳಗೆ ಇಂಜೆಕ್ಷನ್ ಬಂತು. ದುರುಗಮ್ಮನ ಕೈ ಹೋಯಿತು. ಜೀವ ಉಳಿಯಿತು.

ಮನೆಗೆ ಹೊರಟ ದಿನ ಅವಳು ನೇರ ಲ್ಯಾಬಿಗೆ ಬಂದಳು. "ನನ್ ಕೈ ತಿಂದಿದ್ದು ಯಾವ್ದು, ತೋರ್ಸವ್ವ."

ಮುಬೀನಾ ಎತ್ತಿಟ್ಟಿದ್ದ ಆ ಚೂರಿನ ಗಾಜುಪಟ್ಟಿಯನ್ನು ನನ್ನ ಕೆಳಗಿಟ್ಟಳು. ದುರುಗಮ್ಮ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಇದಾ! ಇಷ್ಟ್ ಸಣ್ಣದು ಅಷ್ಟ್ ದೊಡ್ ಡಾಕ್ಟ್ರನ್ನ ಸೋಲಿಸ್ತಾ?"

"ಅವ್ರು ಸೋಲಲಿಲ್ಲ ದುರುಗಕ್ಕ. ಸರಿಯಾಗಿ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ."

"ಇನ್ಮ್ಯಾಲೆ ನೋಡು," ಎಂದಳು. ಬೇಡಿಕೊಂಡದ್ದಲ್ಲ, ಅಪ್ಪಣೆ.

ಈಗ ಕ್ಯಾಮೆರಾ ಇರುವ ಹೊಸ ಯಂತ್ರ ಬಂದಿದೆ. ನಾನು ಕಪಾಟಿನ ಮೂಲೆ ಸೇರಿದ್ದೇನೆ. ನನ್ನ ಗಾಜಿಗೂ ಬೂಷ್ಟು ಹತ್ತಿ ಎಳೆ ಎಳೆಯಾಗಿ ಹಬ್ಬುತ್ತಿದೆ. ಗುಜರಿಯ ಪಟ್ಟಿಯಲ್ಲಿ ನನ್ನ ಹೆಸರಿದೆಯಂತೆ. ಹಾಕಲಿ. ಕಬ್ಬಿಣ ಕರಗಿಸಲಿ, ಗಾಜು ಪುಡಿಮಾಡಲಿ. ಒಬ್ಬ ಹೆಂಗಸಿನ ಮಾಂಸದೊಳಗೆ ನಾನು ಕಣ್ಣಾರೆ ಕಂಡದ್ದನ್ನು, ಗಾಳಿಯಿಂದ ಬಿದ್ದದ್ದೆಂದು ನನ್ನಿಂದ ಯಾರೂ ಹೇಳಿಸಲಾರರು.