ಹದಿನಾರು ಥ್ರೆಡ್, ಒಂದೇ ಮೊತ್ತ

ಬಾಳೂರಿನ ಗುಡ್ಡ ಯಾವಾಗ ಜಾರೀತೆಂದು ಲೆಕ್ಕ ಹಾಕುವುದು ಸರ್ವಮಂಗಳಾಳ ಕೆಲಸ. ಒಂದು ಕೋಣೆಯ ಕಚೇರಿ, ಒಂದು ದೊಡ್ಡ ಕಂಪ್ಯೂಟರ್, ಮಾತಾಡಲು ನರಪಿಳ್ಳೆಯಿಲ್ಲ. ಹೋದ ಆಷಾಢದಲ್ಲಿ ಅವಳು ಗುಡ್ಡ ಕುಸಿಯುತ್ತದೆ ಎಂದಿದ್ದಳು. ಗುಡ್ಡದ ಬುಡದಲ್ಲಿರುವ ಎಸ್ಟೇಟಿನ ಕೂಲಿಗಳ ಲೈನ್‌ಮನೆಗಳಿಂದ ಎಂಟು ಸಂಸಾರಗಳು ಕಾಫಿ ಗೋದಾಮಿಗೆ ಹೋಗಿ ಐದು ದಿನ ತಣ್ಣನೆಯ ನೆಲದ ಮೇಲೆ ಮಲಗಿದವು. ಗುಡ್ಡ ಮಿಸುಕಲಿಲ್ಲ. ಅಲ್ಲಿ ಚಳಿಜ್ವರ ಹತ್ತಿದ ಸಿದ್ದಮ್ಮ ಮಾತ್ರ ಮನೆಗೆ ಮರಳಲಿಲ್ಲ.

ಅಂದಿನಿಂದ ಲೈನಿನವರು ಅವಳನ್ನು ಕಂಡರೆ ಮುಖ ತಿರುಗಿಸುತ್ತಾರೆ. ಆದರೂ ಅವಳು, ಅಂಕಿ ಸುಳ್ಳು ಹೇಳಲಿಲ್ಲ, ಗುಡ್ಡವೇ ಹೇಗೋ ತಡೆದುಕೊಂಡಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಈ ವರ್ಷ ಆ ಸಮಾಧಾನಕ್ಕೂ ಕಲ್ಲು ಬಿತ್ತು. ಮಧ್ಯಾಹ್ನ ಅದೇ ಲೆಕ್ಕವನ್ನು ಎರಡು ಸಲ ಓಡಿಸಿದರೆ ಎರಡು ಉತ್ತರ!

ಒಂದಾದ ಮೇಲೊಂದು ಮಾಡಿದರೆ ಗಂಟೆಗಟ್ಟಲೆ ಹಿಡಿಯುವ ಲೆಕ್ಕವದು. ಬೇಗ ಮುಗಿಯಲೆಂದು ಅವಳು ಗುಡ್ಡವನ್ನು ಹದಿನಾರು ಪಾಲು ಮಾಡಿ, ಕಂಪ್ಯೂಟರಿನೊಳಗೆ ಒಟ್ಟಿಗೇ ದುಡಿಯುವ ಹದಿನಾರು ಥ್ರೆಡ್‌ಗಳಿಗೆ, ಎಂದರೆ ಕೆಲಸದ ಎಳೆಗಳಿಗೆ, ಹಂಚಿದ್ದಳು. ಪ್ರತಿ ಥ್ರೆಡ್ಡೂ ತನ್ನ ಪಾಲಿನ ಮಣ್ಣಿನ ಹಿಡಿತವನ್ನು ಎಲ್ಲಕ್ಕೂ ಸೇರಿದ ಒಂದೇ ಮೊತ್ತಕ್ಕೆ ಕೂಡಬೇಕು. ಹುಡುಕಿದಾಗ ತಪ್ಪು ಅಲ್ಲೇ ಸಿಕ್ಕಿತು: ಒಂದು ಥ್ರೆಡ್ ಹಳೆಯ ಮೊತ್ತ ಓದಿಕೊಂಡು ಕೂಡುವಷ್ಟರಲ್ಲಿ ಇನ್ನೊಂದೂ ಅದೇ ಹಳೆಯದನ್ನು ಓದಿಕೊಂಡಿರುತ್ತದೆ. ಆಮೇಲೆ ಬರೆದದ್ದು ಮೊದಲು ಬರೆದದ್ದನ್ನು ಅಳಿಸಿಹಾಕುತ್ತದೆ. ಹೀಗೆ ಹಿಡಿತದ ಒಂದಷ್ಟು ಪಾಲು ಸೋರಿಹೋಗಿ ಹೋದ ವರ್ಷ ಗಟ್ಟಿ ಗುಡ್ಡ ಸಡಿಲವಾಗಿ ಕಂಡಿತ್ತು. ಕಾಫಿ ಕೊಯ್ಲಿನಲ್ಲಿ ಯಾರಾದರೂ ಹೀಗೆ ಮಾಡುತ್ತಾರೆಯೇ? ಒಬ್ಬೊಬ್ಬರೂ ತಮ್ಮ ತಮ್ಮ ಚೀಲಕ್ಕೆ ಕೊಯ್ದು, ಸಂಜೆ ತೂಕಕ್ಕಿಡುತ್ತಾರೆ. ಇಷ್ಟು ಓದಿದವಳಿಗೆ ಅದು ಹೊಳೆದಿರಲಿಲ್ಲ.

ಪ್ರತಿ ಥ್ರೆಡ್‌ಗೂ ಬೇರೆ ಮೊತ್ತ ಕೊಟ್ಟು, ಕೊನೆಗೆ ಒಟ್ಟು ಮಾಡಿಸಿದಳು. ಹೋದ ವರ್ಷದ ಮಳೆ ಹಾಕಿ ನೋಡಿದಳು: ಗುಡ್ಡ ಭದ್ರ. ಸಿದ್ದಮ್ಮ ಮನೆ ಬಿಡಬೇಕಾಗಿಯೇ ಇರಲಿಲ್ಲ. ಆಮೇಲೆ ಈ ವಾರದ ಮಳೆ ಹಾಕಿದಳು. ಎಷ್ಟು ಸಲ ಓಡಿಸಿದರೂ ಒಂದೇ ಉತ್ತರ: ನಾಳೆಯೊಳಗೆ ಜಾರುತ್ತದೆ.

ಲೈನಿನಲ್ಲಿ ಸಿದ್ದಮ್ಮನ ಗಂಡ ಚೌಡಯ್ಯ ಹೇಳಿದ್ದೇ ಮಾತು. ಸರ್ವಮಂಗಳಾ ಅವನ ಬಾಗಿಲಲ್ಲಿ ನಿಂತು ವಿಷಯ ಹೇಳಿದಳು.

"ಹೋದ್ವರ್ಷಾನೂ ಹಿಂಗೇ ಹೇಳಿದ್ರಿ. ಇನ್ನು ಯಾರನ್ನ ಕಳ್ಕೋಬೇಕು ನಾವು?" ಎಂದ ಅವನು.

ಗುಡ್ಡವೇ ತಡೆದುಕೊಂಡಿತೆಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡಳು.

"ಹೋದ್ವರ್ಷ ಗುಡ್ಡ ಗಟ್ಟಿ ಇತ್ತು ಚೌಡಯ್ಯನವ್ರೇ. ನನ್ನ ಲೆಕ್ಕ ತಪ್ಪಿತ್ತು. ಇವತ್ತು ಗೊತ್ತಾಯ್ತು. ಈ ಸಲದ್ದು ಸರಿ ಇದೆ."

ಚೌಡಯ್ಯ ಹೊಸ್ತಿಲಿಗೆ ಬಂದ. "ತಪ್ಪಾಗಿತ್ತಾ ಅಂತ ನಿಮ್ಮನ್ನ ಯಾರೂ ಕೇಳಿರ್ಲಿಲ್ವಲ್ಲ. ಯಾಕ್ ಹೇಳಿದ್ರಿ?"

"ಹೇಳ್ದೇ ಇದ್ರೆ ನೀವು ಇವತ್ತು ಹೊರಡೋದಿಲ್ಲ."

ಚೌಡಯ್ಯ ಒಳಗೆ ಹೋಗಿ ಕಂಬಳಿ ಸುತ್ತಿ ಹೆಗಲಿಗೇರಿಸಿಕೊಂಡು ಬಂದ. ಪಕ್ಕದ ಮನೆಗಳತ್ತ ಕೂಗಿದ: "ಸಾಮಾನು ಕಟ್ಕೊಳ್ರೋ, ಹೊರಡನ!" ಆಮೇಲೆ ಅವಳತ್ತ ತಿರುಗಿದ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನೀವು ಮಾತ್ರ ಗೋದಾಮಿನ ಕಡೆ ಬರ್ಬೇಡಿ. ನಿಮ್ಮ ಮುಖ ನೋಡಕ್ಕಾಗಲ್ಲ ನಂಗೆ."

ಎಂಟು ಸಂಸಾರಗಳೂ ಗಂಟುಮೂಟೆ ಹೊತ್ತು ಹೊರಟವು. ಕೊನೆಯವರು ದಾಟುವವರೆಗೂ ಸರ್ವಮಂಗಳಾ ದಾರಿ ಬಿಟ್ಟು ಕಾಫಿ ಗಿಡಗಳ ಒಳಗೆ ಸರಿದು ನಿಂತಿದ್ದಳು.