ಲೋಡ್ ಗಾಡಿ ಮುಂದೆ

ಗುಡ್ಡ ಹತ್ತುವುದಕ್ಕೂ ಒಂದು ಗುಂಪು ಬೇಕೇ? ಕಾಲಿದ್ದವನು ಹತ್ತುತ್ತಾನೆ, ಬೇಡವಾದವನು ಮನೆಯಲ್ಲಿ ಬಿದ್ದಿರುತ್ತಾನೆ. ಟೈರು, ಗ್ರೀಸುಗಳಿಂದ ನನಗೆ ಬಿಡುವು ಸಿಗುವುದು ಭಾನುವಾರ ಒಂದೇ. ಅದನ್ನೂ ದುಬಾರಿ ಬೂಟಿನವರ ಜೊತೆ ಹಕ್ಕಿ ನೋಡುತ್ತಾ ಕಳೆಯಬೇಕೆಂದರೆ ಮೈಯೆಲ್ಲ ಉರಿಯುತ್ತಿತ್ತು.

ಹೊರಟದ್ದು ಅಪ್ಪನಿಗಾಗಿ. ಎದೆಯ ಆಪರೇಷನ್ ಆದ ಮೇಲೆ ಅಪ್ಪ ಮೆಟ್ಟಿಲಿಳಿದು ಬೀದಿಗೆ ಬಂದವನೇ ಅಲ್ಲ. ಡಾಕ್ಟರು ನಡೆಯಿರಿ ಎಂದರೂ ಕಿಟಕಿ ಬಿಟ್ಟು ಏಳಲಿಲ್ಲ. ಅದಕ್ಕಿಂತ ನನಗೆ ಹೆದರಿಕೆ ಹುಟ್ಟಿಸಿದ್ದು, ಅವನು ಬೈಯುವುದನ್ನೇ ನಿಲ್ಲಿಸಿಬಿಟ್ಟದ್ದು. ಆಯುಷ್ಯವಿಡೀ ಲಾರಿ ಓಡಿಸಿದವನ ಬಾಯಿ ಅದು. ನಾನು ಸ್ಕೂಲು ಬಿಟ್ಟ ದಿನ ಬೈದದ್ದು ಮೂರು ಬೀದಿಗೆ ಕೇಳಿಸಿತ್ತು. ಈಗ ಊಟಕ್ಕೆ ಉಪ್ಪಿಲ್ಲದಿದ್ದರೂ "ಇರ್ಲಿ ಬಿಡು" ಅನ್ನುತ್ತಿದ್ದ.

ಗುಂಪು ಕಟ್ಟಿದ್ದ ಔಷಧಿ ಅಂಗಡಿಯ ಅಕ್ಕ ತಾನೇ ಮೆಟ್ಟಿಲು ಹತ್ತಿ ಬಂದಳು. "ಅಣ್ಣಾ, ರೋಡು ಓದಕ್ಕೆ ಬರೋರು ಮುಂದೆ ಬೇಕು. ನೀವೇ ಬರ್ಬೇಕು." ಅಪ್ಪ ಒಂದು ಗಳಿಗೆ ಅವಳನ್ನೇ ನೋಡಿ ಟವೆಲ್ ಕೇಳಿದ.

ಬಾಗಿಲ ಹೊರಗೆ ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. "ಎಲ್ರಿಗಿಂತ ನಿಧಾನದೋರು ಮುಂದೆ, ಅವರನ್ನ ಯಾರೂ ದಾಟಂಗಿಲ್ಲ. ನಮ್ಮ ಗುಂಪಿನ ರೂಲ್ಸು. ನಿಮ್ಮಪ್ಪಂಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ. ನೀನು ಕೊನೇಲಿ ಬಾ, ಬಾಯಿ ಮುಚ್ಕೊಂಡು."

"ನನ್ನ ಬಾಯಿಗೇನಾಗಿದೆ?"

"ಅದೇ ಭಯ ಕಣೋ."

ಭಾನುವಾರ ಕೊರಳಿಗೆ ಟವೆಲ್ ಸುತ್ತಿಕೊಂಡು ಅಪ್ಪ ಮುಂದೆ ಹೊರಟ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವನು, ಹಿಂದೆ ಸಾಲೂ ನಿಲ್ಲುವುದು. ನಿಂತವರಿಗೆ ಬೇರೆ ಕೆಲಸವಿಲ್ಲ, ಆಚೀಚೆ ನೋಡತೊಡಗಿದರು. ಬಟ್ಟೆ ಹೊಲಿಯುವ ಅಜ್ಜಿ ಪೊದೆಗೆ ಮುಖ ತೂರಿಸಿ ಕೂಗಿಕೊಂಡಳು. "ನೋಡ್ರೋ, ಹಕ್ಕಿ ಎಲೆಗೇ ಹೊಲಿಗೆ ಹಾಕಿ ಗೂಡು ಮಾಡಿದೆ! ದಾರ ಎಲ್ಲಿ ಕದ್ದಳೋ ಕಳ್ಳಿ!" ಬಗ್ಗಿ ನೋಡಿದೆ. ನಿಜಕ್ಕೂ ಹೊಲಿಗೆ. ನನ್ನ ಸಿಟ್ಟು ಅರ್ಧ ಇಳಿದಿತ್ತು.

ಇಳಿಯಲು ಬಿಡಬೇಕಲ್ಲ! ನನ್ನ ಮುಂದೆ ಹೊಸ ಬೂಟಿನ ಬ್ಯಾಂಕಿನವನೊಬ್ಬನಿದ್ದ. "ಹಿಂಗೇ ಹೋದ್ರೆ ಸಂಜೆಗೆ ಗುಡ್ಡದ ಬುಡ ಸಿಗಬಹುದೇನೋ" ಎಂದ. ಹಲ್ಲು ಕಚ್ಚಿದೆ. "ಯಾರ್ರೀ ಅದು, ಮುಂದಿರೋ ಎತ್ತಿನಗಾಡಿ?" ಎಂದ.

"ಎದೆ ಕೊಯ್ಸ್ಕೊಂಡು ಹತ್ತುತಿದಾನೆ ಕಣಯ್ಯಾ ನಮ್ಮಪ್ಪ! ಎಲ್ರಿಗಿಂತ ನಿಧಾನ ಅಂತಾನೇ ಮುಂದೆ ಬಿಟ್ಟಿರೋದು!"

ಸಾಲದ್ದಕ್ಕೆ ಗುಡ್ಡ ಅದನ್ನು ಇನ್ನೊಮ್ಮೆ ಹೇಳಿತು.

ಸಾಲು ನಿಂತಿತು. ಅಕ್ಕ ಹಣೆ ಹಿಡಿದುಕೊಂಡಳು. ಅಪ್ಪ ತಿರುಗಿ ನೋಡಲಿಲ್ಲ. ಪಕ್ಕಕ್ಕೆ ಸರಿದು, ಬಲಗೈ ಹೊರಗೆ ಚಾಚಿ, ಹಿಂದಿನಿಂದ ಮುಂದಕ್ಕೆ ಬೀಸಿದ. ಹಿಂದಿನ ಗಾಡಿಗೆ 'ನೀ ಹೋಗು' ಎಂದು ಲಾರಿಯವರು ಕೊಡುವ ಸನ್ನೆ. ಅವನು ಅಲ್ಲಿಂದಲೇ ಮನೆಗೆ ತಿರುಗಿದರೆ ಮತ್ತೆ ಆ ಕಿಟಕಿಯೇ ಗತಿ.

ಯಾರೂ ಕದಲಲಿಲ್ಲ. ಅಪ್ಪ ಮತ್ತೆ ಬೀಸಿದ. ಬ್ಯಾಂಕಿನವನು ಬಗ್ಗಿ, ಕಟ್ಟಿದ್ದ ಲೇಸನ್ನೇ ಬಿಚ್ಚಿ ಕಟ್ಟಿಕೊಂಡ.

"ಯಾರಿಗಪ್ಪಾ ಅರ್ಜೆಂಟು?" ಎಂದಳು ಹೊಲಿಗೆ ಅಜ್ಜಿ. "ನಾನಿನ್ನೂ ಗೂಡು ನೋಡಿ ಮುಗಿಸಿಲ್ಲ. ನೀನು ಎಳಿ ಗಾಡಿ."

ಕೈ ಕೆಳಗಿಳಿಯಿತು. ಅಪ್ಪ ಹೆಜ್ಜೆ ಕಿತ್ತ, ಮೇಲಕ್ಕೆ.

ನೆತ್ತಿಗೆ ಕೊನೆಯವನಾಗಿ, ತಲೆ ತಗ್ಗಿಸಿಕೊಂಡು ಬಂದೆ. ಅಪ್ಪ ಸೊಂಟಕ್ಕೆ ಕೈಯಿಟ್ಟು ಕಾಯುತ್ತಿದ್ದ.

"ಲೇ ಕತ್ತೇ! ಲೋಡ್ ಗಾಡಿ ಒಂದೇ ಹಿಂದೆ ಉಳೀಬಾರ್ದು ಅಂತಾನೇ ಮುಂದೆ ಬಿಡ್ತಾರೆ ಅನ್ನೋದನ್ನ ಲಾರಿಯವನಿಗೆ ನೀನು ಹೇಳಿಕೊಡ್ತೀಯಾ? ಮನೇಲೇ ಗೊತ್ತಾಯ್ತು ನಂಗೆ! ಅದನ್ನ ಗುಡ್ಡಕ್ಕೆಲ್ಲಾ ಸಾರ್ಬೇಕಿತ್ತಾ? ಬಾಯೋ ಹಾರ್ನೋ ಅದು? ಟೈರಿಗೆ ತುಂಬಿ ಮಿಕ್ಕಿದ ಗಾಳೀನೆಲ್ಲಾ ತಲೇಲಿ ಇಟ್ಕೊಂಡಿದೀಯಾ?"

ಅಕ್ಕ ನಗು ತಡೆಯಲಾರದೆ ಮರದ ಹಿಂದೆ ಹೋದಳು. ನಾನು ನಿಂತು ಕೇಳಿದೆ, ಒಂದು ಮಾತೂ ತಪ್ಪಿಸಿಕೊಳ್ಳದೆ. ಈ ಸಲ ಮೂರು ಬೀದಿಗಲ್ಲ, ಇಡೀ ಕಣಿವೆಗೆ ಕೇಳಿಸುತ್ತಿತ್ತು.