ಕಪ್ಪಾಗಬೇಕಾದ ನೀರು

ತಾರಸಿ ರೂಮಿನಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಕೈಯಿಟ್ಟ ಶರಣ್ಯಾಳಿಗೆ ಬಾಟ್ಲಿಗಳು ತಣ್ಣಗೆ ತಾಗಿದವು. ಬೆಚ್ಚಗಿರಬೇಕಿತ್ತು. ಹಿಂದಿನ ದಿನ ಅತ್ತೆ ಜಗದಾಂಬಾ ಅವನ್ನು ಒಳಗಿಟ್ಟು, ಬಲ್ಬು ಉರಿಸಿ, ಟೀ ಕುಡಿದು ಬರುತ್ತೇನೆಂದು ಹೊರಟವರು ತಾರಸಿಯ ಮೆಟ್ಟಿಲ ಮೇಲೆಯೇ ಕುಸಿದಿದ್ದರು. ಈಗ ಬಲ್ಬು ಆರಿತ್ತು. ಅದರ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಅದರ ಸಾಕೆಟ್ಟಿಗೆ ಸಿಕ್ಕಿಸಿದ ಉದ್ದನೆಯ ವೈರೊಂದು ಕಿಟಕಿಯಿಂದ ಹೊರಟು ಕೆಳಗಿನ ಶಾಮಿಯಾನಕ್ಕೆ ಇಳಿದಿತ್ತು.

"ಇದನ್ನ ಯಾರು ಕಿತ್ತಿದ್ದು?"

"ನಾನೇ," ಎಂದ ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ನಾಗಭೂಷಣ್. ರಾತ್ರಿಯಿಡೀ ಅತ್ತ ಕಣ್ಣುಗಳು ಊದಿಕೊಂಡಿದ್ದವು. "ಭಜನೆಯೋರ ಮೈಕಿಗೆ ಕರೆಂಟ್ ಬೇಕಿತ್ತು. ಕೆಳಗಡೆ ಪದೇಪದೇ ಟ್ರಿಪ್ ಆಗ್ತಿತ್ತು. ಯಾಕೆ, ಏನಾಯ್ತು?"

ಶರಣ್ಯಾ ಬಾಟ್ಲಿಗಳನ್ನು ಬೆಳಕಿಗೆ ಹಿಡಿದಳು. ಹೊಸದಾಗಿ ತಯಾರಾದ ಪ್ರತಿ ಲಾಟಿನಿಂದ ಪೌಡರು ಹಾಕಿದ ಒಂದಿಷ್ಟು ಬಾಟ್ಲಿ ಎತ್ತಿಕೊಂಡು, ಕೆಲವಕ್ಕೆ ಮಲ್ಲತ್ತಹಳ್ಳಿ ಕೆರೆ ಪಕ್ಕದ ಕಾಲುವೆಯ ಕೊಳಚೆ ನೀರು, ಕೆಲವಕ್ಕೆ ಕುದಿಸಿ ಆರಿಸಿದ ನೀರು ತುಂಬಿ, ಒಂದು ಹಗಲು ಒಂದು ರಾತ್ರಿ ಬೆಚ್ಚಗಿಡುವುದು ಅತ್ತೆಯ ಪದ್ಧತಿ. ಕೊಳಚೆ ನೀರು ಕಪ್ಪಾಗಬೇಕು. ಕುದಿಸಿದ್ದು ಹಾಗೇ ಇರಬೇಕು. ಆಮೇಲೆಯೇ ಲಾಟು ಮನೆ ಬಿಡುವುದು. ಈಗ ಎಲ್ಲ ಬಾಟ್ಲಿಗಳೂ ಒಂದೇ ಬಣ್ಣಕ್ಕಿದ್ದವು, ತಿಳಿ ಟೀ ಬಣ್ಣ. ಒಳಗಿನ ಪೌಡರೇ ಕೆಟ್ಟದ್ದೋ, ಬಿಸಿ ಸಾಲದೆ ಹೀಗಾಯಿತೋ ಹೇಳುವಂತಿರಲಿಲ್ಲ.

"ಲಾಟ್ ಇವತ್ತು ಹೋಗಲ್ಲ," ಎಂದಳು.

"ಚನ್ನವೀರೇಶ್ ಟೆಂಪೋ ತಂದು ನಿಲ್ಲಿಸಿದಾನಲ್ಲೇ!"

*

ಕೆಳಗೆ ಹಾಲಿನಲ್ಲಿ ಜಗದಾಂಬಾರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ, ತೋಳುಗಳ ಮೇಲೆ ವಿಭೂತಿ. ಎಡ ಅಂಗೈಯಲ್ಲಿ ಇಷ್ಟಲಿಂಗ. ಬಂದ ಹಾರಗಳಲ್ಲಿ ಚನ್ನವೀರೇಶನದೇ ದಪ್ಪ; ಅದು ಅವರ ಗಲ್ಲವನ್ನೇ ಮುಚ್ಚಿತ್ತು. ಈ ಮನೆಯಲ್ಲಿ ತಯಾರಾಗುವ, ಕುಡಿಯುವ ನೀರು ಪರೀಕ್ಷಿಸುವ ಕಿಟ್‌ಗಳನ್ನು ಜಿಲ್ಲೆಗಳ ಅಂಗನವಾಡಿ, ಪಂಚಾಯಿತಿಗಳಿಗೆ ಮಾರುವವನು ಅವನು.

"ಶರಣ್ಯಾ ಮೇಡಂ, ಈ ಹೊತ್ತಲ್ಲಿ ಕೇಳಬಾರದು..."

"ಹಾಗಾದ್ರೆ ಕೇಳಬೇಡಿ."

ಅವನು ನಕ್ಕು, ಸಾವಿನ ಮನೆಯೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ. "ಸಂಜೆಯೊಳಗೆ ಮಾಲು ಗೋಡೌನ್ ಸೇರಲಿಲ್ಲ ಅಂದ್ರೆ ಆರ್ಡರ್ ನಾರ್ತ್ ಕಂಪನಿಯೋರ ಪಾಲು. ಅವರು ಕಿಟ್ ಜೊತೆ ಬ್ಯಾಗು, ಕ್ಯಾಲೆಂಡರು ಎಲ್ಲಾ ಕೊಡ್ತಾರೆ. ಒಂದ್ಸಲ ಅವರು ಒಳಗೆ ಕಾಲಿಟ್ರೆ ನಿಮ್ಮನ್ನ ಯಾರೂ ಕೇಳಲ್ಲ."

"ಪರೀಕ್ಷೆ ಮುಗಿದಿಲ್ಲ."

"ನಿಮ್ಮ ಯಜಮಾನ್ರು ಹೇಳಿದ್ರು. ಪ್ಲಗ್ ಕಿತ್ತಿದ್ದಕ್ಕೆ ಕಪ್ಪಾಗಿಲ್ಲ, ಅಷ್ಟೇ. ಪೌಡರ್ ನಾನೇ ತಂದುಕೊಟ್ಟಿದ್ದಲ್ವಾ? ಚಿನ್ನದಂಥ ಪೌಡರು."

"ಅದಕ್ಕೇ ಭಯ."

ಅತ್ತೆ ಪೌಡರು ಕೊಳ್ಳುತ್ತಿದ್ದ ಪೀಣ್ಯದ ಅಂಗಡಿ ಬಾಗಿಲು ಹಾಕಿತ್ತು. ಬೇರೆ ಕಡೆ ಸಿಗುವುದು ತಡವಾದಾಗ ಇವನೇ ಎಲ್ಲಿಂದಲೋ ಒಂದು ಡಬ್ಬ ತಂದಿದ್ದ. ಲೇಬಲ್ ಇಲ್ಲದ ಡಬ್ಬ.

"ಏನೇ ಇದು?" ಹರಿಹರದ ದೊಡ್ಡಮ್ಮ ಕೂತಲ್ಲಿಂದಲೇ ಗದರಿದರು. ಜಗದಾಂಬಾರ ಅಕ್ಕ ಅವರು. "ಲಿಂಗೈಕ್ಯ ಆದೋಳನ್ನ ಮುಂದೆ ಕೂರಿಸ್ಕೊಂಡು ಮೋರಿ ನೀರಿನ ಪಂಚಾಯ್ತಿನಾ? ಇದ್ದಾಗ್ಲೂ ಅವಳದ್ದು ಅದೇ. ಮನೆ ತುಂಬ ಗಲೀಜು ಬಾಟ್ಲಿ!"

"ಅದೇ ಅಮ್ಮಾ ನಾನು ಹೇಳೋದು," ಎಂದ ಚನ್ನವೀರೇಶ್. "ಸೂತಕದ ಮನೇಲಿ ಪರೀಕ್ಷೆ ಗಿರೀಕ್ಷೆ ಬೇಡ. ಕಿಟ್ ಬಾಕ್ಸ್ ಎತ್ಕೊಂಡು ಹೊರಡ್ತೀವಿ."

"ಸೂತಕದ ಮನೆಯಿಂದ ಬಾಕ್ಸ್ ಎತ್ತಬಹುದಾ?" ಎಂದಳು ಶರಣ್ಯಾ.

ಬಿಲ್ವಪತ್ರೆ ಆರಿಸುತ್ತ ಕೂತಿದ್ದ ಜಂಗಮರು ರೇವಣಸಿದ್ದಯ್ಯ ತಲೆ ಎತ್ತಲಿಲ್ಲ. "ಲಿಂಗವಂತರಿಗೆ ಸೂತಕ ಎಲ್ಲಿಂದ ಬಂತಪ್ಪಾ? ಎತ್ತೋಕೂ ಅಡ್ಡಿ ಇಲ್ಲ, ಪರೀಕ್ಷೆಗೂ ಅಡ್ಡಿ ಇಲ್ಲ."

ನಾಗಭೂಷಣ್ ಅವಳನ್ನು ಅಡುಗೆಮನೆಗೆ ಕರೆದೊಯ್ದ. "ಕೊಟ್ಟು ಕಳಿಸಿಬಿಡು, ಶರಣ್ಯಾ. ಅಮ್ಮನ ಕೊನೇ ಲಾಟು. ಮರ್ಯಾದೆಯಾಗಿ ಹೋಗಲಿ. ಆಮೇಲೆ ರೂಮು ಖಾಲಿ ಮಾಡಿ ಬಾಡಿಗೆಗೆ ಕೊಡೋಣ."

ಅವಳು ಗಂಡನ ಮುಖ ನೋಡಿದಳು. ಅವನು ಇದನ್ನು ಆಗಲೇ ಯಾರೊಂದಿಗೋ ಮಾತಾಡಿ ಮುಗಿಸಿದ್ದಾನೆ ಎಂದು ತಿಳಿಯಿತು.

"ಕೊನೇದು ಅಂತ ಯಾರು ಹೇಳಿದ್ದು?"

*

ನಾಗಭೂಷಣ್ ಕಾಲೇಜಿನಲ್ಲಿದ್ದಾಗ ಬಸವೇಶ್ವರನಗರದ ಅವರ ಬೀದಿಯ ನಲ್ಲಿಗೆ ಒಳಚರಂಡಿ ನೀರು ಸೇರಿ ಅವನಿಗೆ ಕಾಮಾಲೆಯಾಗಿತ್ತು. ಪ್ಯೂರಿಫೈಯರ್ ಮಾರಲು ಬಂದವನು ಪೆನ್ನಿನಂಥ ಮೀಟರನ್ನು ಲೋಟಕ್ಕೆ ಅದ್ದಿ ಬೋರ್‌ವೆಲ್ ನೀರು ಕೆಟ್ಟದ್ದೆಂದು ಹೆದರಿಸಿದ, ನಲ್ಲಿ ನೀರಿಗೆ ಶಹಬ್ಬಾಸ್ ಎಂದ. ಆ ಮೀಟರಿಗೆ ಉಪ್ಪು ಗೊತ್ತೇ ಹೊರತು ಹೇಲು ಗೊತ್ತಿಲ್ಲ ಎಂದು ಜಗದಾಂಬಾ ಆಮೇಲೆ ಎಲ್ಲರ ಮುಂದೆ ಅನ್ನುತ್ತಿದ್ದರು. ಬಿ.ಎಸ್ಸಿ. ಓದಿ ಒಲೆ ಮುಂದೆ ನಿಂತಿದ್ದವರು, ತಾರಸಿ ರೂಮಿನಲ್ಲಿ ಬಾಟ್ಲಿ ಜೋಡಿಸಿದ್ದು ಆ ಸಿಟ್ಟಿಗೆ.

ಶರಣ್ಯಾ ಮದುವೆಯಾಗಿ ಬಂದ ಮೇಲೆ ಒಂದು ಮಧ್ಯಾಹ್ನ, "ಕೈ ಖಾಲಿ ಇದ್ರೆ ಮೇಲೆ ಬಾ," ಎಂದು ಕರೆದಿದ್ದರು. ಎರಡು ಬಾಟ್ಲಿ ಮುಂದಿಟ್ಟು, "ಏನು ಕಾಣುತ್ತೆ?" ಎಂದು ಕೇಳಿದರು.

ಶರಣ್ಯಾ ಬಾಟ್ಲಿ ನೋಡುವ ಬದಲು ಅತ್ತೆಯ ಮುಖ ನೋಡಿದಳು. ತವರಿನಲ್ಲಿ ಅಪ್ಪನ ಮುಖ ನೋಡಿ ಉತ್ತರ ಹೇಳಿದ್ದಳು, ಇಲ್ಲಿ ಗಂಡನದು.

"ನನ್ನ ಮುಖ ಕಪ್ಪಾಗಿದೆಯಾ? ಬಾಟ್ಲಿ ನೋಡು. ನಿನಗೆ ಕಂಡಿದ್ದು ಹೇಳು."

"ಎಡಗಡೇದು ಕಪ್ಪಾಗಿದೆ," ಎಂದಿದ್ದಳು.

ಅದೇ ವಾರ ಒಂದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಕಿಟ್ ವಾಪಸು ತಂದಿದ್ದರು. ಟ್ಯಾಂಕರ್ ನೀರು ಹಾಕಿದರೆ ಪ್ರತಿ ಸಲ ಕಪ್ಪಾಗುತ್ತದಂತೆ, ಮನೆ ಮಾರುವವರಿಗೆಲ್ಲ ತೊಂದರೆಯಂತೆ. "ಮೇಡಂ, ಸ್ವಲ್ಪ ಕಮ್ಮಿ ಕಪ್ಪಾಗೋ ಕಿಟ್ ಇಲ್ವಾ?"

ಅತ್ತೆ ಅವರಿಗೆ ಕಾಫಿ ಕೊಟ್ಟು, ಕಿಟ್ಟನ್ನೂ ಮತ್ತೆ ಕೈಗೆ ಕೊಟ್ಟು ಕಳಿಸಿದರು. "ಟ್ಯಾಂಕರ್ ಬದಲಾಯಿಸಿ ಸಾರ್." ಗೇಟು ಹಾಕಿ ಬಂದು ಸೊಸೆಯೊಂದಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

*

ರುದ್ರಭೂಮಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಬೀದಿಗೇ ಕರೆಂಟ್ ಹೋಯಿತು. ಮೈಕು ಅರ್ಧ ಪದಕ್ಕೆ ನಿಂತಿತು.

"ನೋಡಿ, ಈಗ ಇನ್ನೆಲ್ಲಿ ಬಿಸಿ ಮಾಡ್ತೀರಾ? ಮಾಲಿರೋ ರೂಮಿನ ಕೀ ಕೊಡಿ ಮೇಡಂ," ಎಂದ ಚನ್ನವೀರೇಶ್.

ಶರಣ್ಯಾ ತಾರಸಿಗೆ ಹೋದಳು. ಕೊಳಚೆ ನೀರಿನ ಬಾಟ್ಲಿಗಳನ್ನು ತೆಗೆದು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ, ಮೈಗೆ ತಾಗುವಂತೆ, ಬಿಗಿಯಾಗಿ ಕಟ್ಟಿಕೊಂಡಳು. ಕರೆಂಟಿಲ್ಲದ ಊರುಗಳ ಅಂಗನವಾಡಿ ಹೆಂಗಸರಿಗೆ ಹೇಳಿಕೊಡುವ ಉಪಾಯ ಅದು. ಮೈಬಿಸಿ ಸಾಕು. ಕುದಿಸಿದ ನೀರಿನದೊಂದನ್ನು ಬಾಟ್ಲಿ ತೊಳೆಯುವ ಅಕ್ಕಯ್ಯಮ್ಮನ ಕೈಗೆ ಕೊಟ್ಟಳು. ಅಕ್ಕಯ್ಯಮ್ಮ ಅದನ್ನು ಸೆರಗಿನೊಳಗೆ ಸೇರಿಸಿಕೊಂಡು ಮೂಗು ಒರೆಸಿದಳು. ಶರಣ್ಯಾ ರೂಮಿಗೆ ಬೀಗ ಹಾಕಿ ಇಳಿದಳು.

"ಟೆಂಪೋ ಖಾಲಿ ಕಳಿಸಿ."

"ಆರ್ಡರ್ ಹೋಗುತ್ತೆ, ಮೇಡಂ!"

"ಹೋಗಲಿ. ನಾಳೆ ಇದು ಕಪ್ಪಾದ್ರೆ ಬೇರೆ ಆರ್ಡರ್ ನಾನೇ ಹುಡುಕ್ಕೊಂಡು ಹೋಗ್ತೀನಿ, ಬಸ್ಸಲ್ಲಾದ್ರೂ ಸರಿ. ಕಪ್ಪಾಗಲಿಲ್ವೋ, ಲಾಟ್ ಪೂರ್ತಿ ಒಡೆದು ಹಾಕಿ, ಆ ಡಬ್ಬ ಎಲ್ಲಿಂದ ತಂದ್ರಿ ಅಂತ ಕೇಳೋಕೆ ನಿಮ್ಮ ಆಫೀಸಿಗೆ ಬರ್ತೀನಿ."

"ಯಾರೋ ಹಳ್ಳಿಯೋರು, ಒಂದು ಬಾಟ್ಲಿ ಕಪ್ಪಾಗದಿದ್ರೆ ಏನು ಮುಳುಗೋಗುತ್ತೆ?"

"ಕಪ್ಪಾಗಲಿಲ್ಲ ಅಂದ್ರೆ ಆ ನೀರನ್ನ ಮಕ್ಕಳಿಗೆ ಕುಡಿಸ್ತಾರೆ."

ನಾಗಭೂಷಣ್ ಕೈ ಚಾಚಿದ. "ಶರಣ್ಯಾ, ಕೀ."

"ನಿಮ್ಮಮ್ಮನ್ನ ಎತ್ತಬೇಕು, ಹೋಗ್ರೀ. ಕೀ ನನ್ನ ಹತ್ರ ಇರುತ್ತೆ."

ಕಳೆದ ಇಷ್ಟು ವರ್ಷಗಳಲ್ಲಿ ಅವಳು ಅವನಿಗೆ ಹಾಗೆ ಹೇಳಿದ್ದಿಲ್ಲ. ಅವನು ಕೈ ಹಿಂತೆಗೆದುಕೊಂಡು, ತಾಯಿಯನ್ನು ಕೂರಿಸಿ ಒಯ್ಯುವ ಹೂವಿನ ವಿಮಾನದತ್ತ ಹೋದ. ಎತ್ತುವ ಮೊದಲು, ಹಾರ ಸರಿಪಡಿಸುವ ನೆವದಲ್ಲಿ ತಾಯಿಯ ಗಲ್ಲ ಮುಚ್ಚಿದ್ದ ಚನ್ನವೀರೇಶನ ದಪ್ಪ ಹಾರವನ್ನು ತೆಗೆದು ಪಕ್ಕಕ್ಕಿಟ್ಟ.

*

ರುದ್ರಭೂಮಿಗೆ ಹೊರಟ ಮಿನಿಬಸ್ಸು ಮಾಗಡಿ ರಸ್ತೆಯ ಗುಂಡಿಯೊಂದಕ್ಕೆ ಇಳಿದಾಗ ಶರಣ್ಯಾ ಎರಡೂ ಕೈಯಿಂದ ಸೊಂಟ ಹಿಡಿದುಕೊಂಡಳು. ಪಕ್ಕದಲ್ಲಿದ್ದ ಹರಿಹರದ ದೊಡ್ಡಮ್ಮ ಅವಳ ಸೆರಗನ್ನೇ ನೋಡಿದರು.

"ಏನೇ ಅದು, ಉಬ್ಬಿಕೊಂಡಿರೋದು?"

"ಮೋರಿ ನೀರು, ದೊಡ್ಡಮ್ಮ."

"ಥೂ! ಮೈಗೆ ಕಟ್ಕೊಂಡಿದೀಯಾ?"

"ಬಿಸಿ ಬೇಕು. ಇಲ್ಲದಿದ್ರೆ ಲಾಟ್ ಸರಿ ಇದೆಯೋ ಇಲ್ವೋ ಗೊತ್ತಾಗಲ್ಲ."

ದೊಡ್ಡಮ್ಮ ಕಿಟಕಿಯ ಕಡೆ ತಿರುಗಿದರು. ಬಸ್ಸು ಎರಡು ಸಿಗ್ನಲ್ ದಾಟಿತು. ಮುಂದೆ ತೆರೆದ ಲಾರಿಯಲ್ಲಿ, ಹೂವಿನ ವಿಮಾನದಲ್ಲಿ ಕೂತ ಅವರ ತಂಗಿ ರಸ್ತೆಯ ಪ್ರತಿ ಉಬ್ಬಿಗೂ ತಲೆಯಾಡಿಸುತ್ತಿದ್ದಳು.

"ಮೊಂಡಿ," ಎಂದರು ದೊಡ್ಡಮ್ಮ. ಯಾರಿಗೆಂದು ಶರಣ್ಯಾಳಿಗೆ ತಿಳಿಯಲಿಲ್ಲ. ಆಮೇಲೆ ಅಂಗೈ ಚಾಚಿದರು. "ಅಷ್ಟೂ ನೀನೊಬ್ಬಳೇ ಹೊತ್ಕೊಂಡ್ರೆ ಯಾವುದಕ್ಕೂ ಬಿಸಿ ಸಾಲಲ್ಲ. ಕೊಡು ಇಲ್ಲಿ. ನಿನ್ನೆಯಿಂದ ಜ್ವರ ನನಗೆ, ಮೈ ಕೆಂಡ ಆಗಿದೆ. ಮುಚ್ಚಳ ಬಿಗಿ ಇದೆ ತಾನೆ?"

ಗುಣಿಯೊಳಗೆ ಜಗದಾಂಬಾರನ್ನು ಕೂರಿಸಿ, ಸುತ್ತ ವಿಭೂತಿ ಸುರಿದು, ಪತ್ರೆ ಏರಿಸಿದ ಮೇಲೆ ರೇವಣಸಿದ್ದಯ್ಯ ಹೆಂಗಸರನ್ನು ಕರೆದರು. ಮೊದಲು ಬಂದ ದೊಡ್ಡಮ್ಮ ಬಗ್ಗಿ ಬಲಗೈಯಲ್ಲಿ ಮಣ್ಣು ತೆಗೆದುಕೊಂಡರು.

"ಎರಡೂ ಕೈಯಲ್ಲಿ ಹಾಕಬೇಕು ತಾಯಿ."

"ಒಂದು ಕೈ ಬಿಡುವಿಲ್ಲ, ಅಯ್ಯನೋರೇ."

ಅವರ ಹಿಂದೆ ಅಕ್ಕಯ್ಯಮ್ಮ, ಅವಳ ಹಿಂದೆ ಶರಣ್ಯಾ ಬಂದರು. ಮೂವರೂ ಎಡಗೈಯನ್ನು ಸೆರಗಿನೊಳಗೆ ಒತ್ತಿಕೊಂಡೇ, ಬಲಗೈಯಿಂದ ಮಣ್ಣು ಹಾಕಿದರು.